ಮೇಯರ್ ಆಗುತ್ತೀರಂತೆ, ಹೌದೇ? ಹಾಸನದ ಅಭ್ಯರ್ಥಿಯೊಬ್ಬಳಿಗೆ ಪದೇ ಪದೇ ಎದುರಾಗುವ ಪ್ರಶ್ನೆಗಳು

ಮಹಾರಾಜ ಉದ್ಯಾನದಲ್ಲಿ ಬೆಳಗ್ಗೆ ನಡೆಯಲು ಬರುವವರು, ಕಟ್ಟಿನಕೆರೆ ಮಾರುಕಟ್ಟೆಯ ಸೊಪ್ಪಿನವರು, ಸಾಲಗಾಮೆ ರಸ್ತೆಯ ಕಡೆ ಗೇಟು ತೆಗೆಯದೆ ಒಳಗಿನಿಂದಲೇ ಮಾತನಾಡಿಸುವವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆಗಳನ್ನು. ಹಾಸನ ಪಾಲಿಕೆಯ ಚುನಾವಣೆಗೆ ನಿಂತ ನನಗೆ ಪ್ರತಿ ಬಾಗಿಲಲ್ಲೂ ಅದನ್ನೇ ಹೇಳಿ ಗಂಟಲು ಕಟ್ಟಿದೆ. ಅದಕ್ಕೇ ಉತ್ತರಗಳನ್ನು ಬರೆದಿಟ್ಟಿದ್ದೇನೆ. ಕೆಲವು ಉದ್ದ, ಕೆಲವು ಮೊಟಕು. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಅಂಕಿ ಬಂದಲ್ಲಿ ಸ್ವಲ್ಪ ನಿಧಾನಿಸುವ ಅಭ್ಯಾಸ ಬಿಟ್ಟಿಲ್ಲ.

ನೀವು ಮೇಯರ್ ಸ್ಥಾನಕ್ಕೆ ನಿಂತಿದ್ದೀರಂತೆ?

ಜನರ ಮುಂದೆ ಯಾರೂ ಮೇಯರ್ ಸ್ಥಾನಕ್ಕೆ ನಿಲ್ಲಲು ಬರುವುದಿಲ್ಲ. ನಮ್ಮ ರಾಜ್ಯದಲ್ಲಿ ನೀವು ಓಟು ಹಾಕುವುದು ನಿಮ್ಮ ವಾರ್ಡಿನ ಸದಸ್ಯರಿಗೆ ಮಾತ್ರ. ಗೆದ್ದ ಸದಸ್ಯರು ಆಮೇಲೆ ಸಭೆ ಸೇರಿ ತಮ್ಮಲ್ಲಿಯೇ ಒಬ್ಬರನ್ನು ಮೇಯರ್, ಇನ್ನೊಬ್ಬರನ್ನು ಉಪಮೇಯರ್ ಎಂದು ಆರಿಸುತ್ತಾರೆ. ಆದ್ದರಿಂದ ನಾನು ನಿಂತಿರುವುದು ವಾರ್ಡಿಗೆ. ಗೆದ್ದರೆ, ಅವಕಾಶ ಒದಗಿದರೆ, ಮೇಯರ್ ಸ್ಥಾನಕ್ಕೂ ನಾಮಪತ್ರ ಹಾಕುತ್ತೇನೆ. ಈ ಎರಡು 'ರೆ'ಗಳನ್ನು ನುಂಗಿ ಕರಪತ್ರ ಹಂಚುವವರು ಊರಿನಲ್ಲಿ ಕಡಿಮೆ ಇಲ್ಲ.

ಅಂದರೆ ಮೇಯರ್ ಯಾರು ಎನ್ನುವುದರಲ್ಲಿ ನಮ್ಮ ಓಟಿಗೆ ಬೆಲೆಯೇ ಇಲ್ಲವೇ?

ಇದೆ, ಸುತ್ತು ಬಳಸಿ. ಮೇಯರ್ ಚುನಾವಣೆ ನಡೆಸುವವರು ಪ್ರಾದೇಶಿಕ ಆಯುಕ್ತರು. ಹಾಸನ ಮೈಸೂರು ವಿಭಾಗಕ್ಕೆ ಸೇರಿದೆ. ಪಾಲಿಕೆಗಳಲ್ಲಿ ನಡೆದುಬಂದಿರುವಂತೆ ನಾಮಪತ್ರ, ಪರಿಶೀಲನೆ, ಮತದಾನ ಎಲ್ಲವೂ ಸಾಮಾನ್ಯವಾಗಿ ಒಂದೇ ದಿನ. ಗುಪ್ತ ಮತದಾನ ಇಲ್ಲ, ಸಭೆಯಲ್ಲಿ ಕೈ ಎತ್ತಬೇಕು. ಯಾರು ಯಾರ ಪರ ಕೈ ಎತ್ತಿದರು ಎಂಬುದು ದಾಖಲಾಗುತ್ತದೆ. ವಾರ್ಡಿನವರು ಐದು ವರ್ಷ ನೆನಪಿಟ್ಟುಕೊಳ್ಳಬೇಕಾದ ದಾಖಲೆ ಅದು.

ಬಹಳ ಜನರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇದೆ. ಅಲ್ಲಿ ಮತ ಹಾಕುವವರು ವಾರ್ಡಿನ ಸದಸ್ಯರಷ್ಟೇ ಅಲ್ಲ. ನಗರದ ವ್ಯಾಪ್ತಿಗೆ ಬರುವ ಸಂಸದರು, ಶಾಸಕರು, ನಗರದಲ್ಲಿ ಮತದಾರರಾಗಿ ನೋಂದಾಯಿಸಿಕೊಂಡ ವಿಧಾನ ಪರಿಷತ್ ಮತ್ತು ರಾಜ್ಯಸಭಾ ಸದಸ್ಯರು, ಇವರಿಗೂ ಮತವಿದೆ. ಬಲಾಬಲ ಸಮಸಮ ಇರುವಲ್ಲಿ ಫಲಿತಾಂಶ ತಿರುಗುವುದು ಈ ಕೈಗಳಿಂದಲೇ. ಸರ್ಕಾರ ನಾಮನಿರ್ದೇಶನ ಮಾಡುವ ಸದಸ್ಯರಿಗೆ ಮಾತ್ರ ಮತದ ಹಕ್ಕು ಇಲ್ಲ. ಅವರು ಸಭೆಯಲ್ಲಿ ಕೂರಬಹುದು, ಮಾತನಾಡಬಹುದು.

ಮೀಸಲಾತಿ ನಿಮ್ಮ ಪರ ಬರದಿದ್ದರೆ?

ಆಗ ಮೇಯರ್ ಕನಸು ಅಲ್ಲಿಗೆ ಮುಗಿಯಿತು, ವಾರ್ಡಿನ ಕೆಲಸ ಉಳಿಯಿತು. ಮೇಯರ್, ಉಪಮೇಯರ್ ಸ್ಥಾನಗಳು ಸಾಮಾನ್ಯ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ 'ಎ', ಹಿಂದುಳಿದ ವರ್ಗ 'ಬಿ' ಹಾಗೂ ಇವುಗಳೊಳಗೆ ಮಹಿಳೆ ಎಂದು ಸರದಿಯಂತೆ ತಿರುಗುತ್ತವೆ. ಯಾವ ಅವಧಿಗೆ ಯಾವುದು ಎಂದು ಅಧಿಸೂಚನೆ ಹೊರಡಿಸುವುದು ರಾಜ್ಯ ಸರ್ಕಾರ. ವಾರ್ಡುಗಳ ಮೀಸಲಾತಿ ಪಟ್ಟಿಯೂ ಅಲ್ಲಿಂದಲೇ ಬರುತ್ತದೆ. ಪಟ್ಟಿ ಹೊರಬಿದ್ದ ದಿನ ಕೆಲವರ ಫೋನು ಸದ್ದಿಲ್ಲದಾಗುತ್ತದೆ, ಕೆಲವರ ಮನೆಯಲ್ಲಿ ಹೋಳಿಗೆ ಆಗುತ್ತದೆ.

ಇದರ ಬಲ ಎಷ್ಟು ಎಂದು ಹಾಸನದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2020ರಲ್ಲಿ ಇನ್ನೂ ನಗರಸಭೆಯಾಗಿದ್ದಾಗ ಅಧ್ಯಕ್ಷ ಸ್ಥಾನ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ಹೆಚ್ಚು ಸದಸ್ಯರಿದ್ದದ್ದು ಜೆಡಿಎಸ್‌ನಲ್ಲಿ. ಆದರೆ ಆ ವರ್ಗದ ಸದಸ್ಯರು ಇದ್ದದ್ದು ಬಿಜೆಪಿಯಲ್ಲಿ. ಅಧ್ಯಕ್ಷ ಸ್ಥಾನ ಬಿಜೆಪಿಗೆ ಹೋಯಿತು. ಮೀಸಲಾತಿ ತಪ್ಪು ಎಂದು ನಾನು ಇದನ್ನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಯಾವ ಕೇರಿಯವರು ಎಂದೂ ಆ ಕುರ್ಚಿಯ ಹತ್ತಿರ ಸುಳಿಯುತ್ತಿರಲಿಲ್ಲ ಎಂಬುದು ನಮಗೆಲ್ಲ ತಿಳಿದದ್ದೇ. ನನ್ನ ತಕರಾರು ಸರದಿಯನ್ನು ನಿರ್ಧರಿಸುವ ಹೊತ್ತಿನ ಬಗ್ಗೆ. ವಾರ್ಡುಗಳ ಫಲಿತಾಂಶ ಬಂದ ಮೇಲೆ ಮೇಯರ್ ಮೀಸಲಾತಿ ಪ್ರಕಟಿಸಿದರೆ, ಯಾರ ಲೆಕ್ಕಕ್ಕೆ ತಕ್ಕಂತೆ ಪ್ರಕಟವಾಯಿತು ಎಂಬ ಅನುಮಾನ ಹುಟ್ಟಿಯೇ ಹುಟ್ಟುತ್ತದೆ. ಮತದಾನಕ್ಕೆ ಮೊದಲೇ ಐದೂ ವರ್ಷದ ಸರದಿ ಹೊರಬರಲಿ ಎಂಬುದು ನನ್ನ ಬೇಡಿಕೆ.

ಮೇಯರ್ ಆದರೆ ಎಷ್ಟು ವರ್ಷ ಇರುತ್ತೀರಿ?

ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡಗಳಲ್ಲಿ 1976ರ ಪೌರ ನಿಗಮಗಳ ಕಾಯ್ದೆಯಡಿ ನಡೆದುಬಂದಿರುವುದು ಒಂದು ವರ್ಷದ ಅವಧಿ. ಚಿಕ್ಕಮಗಳೂರಿನ ನೆಂಟರು ಕೇಳಿದರೆ ಬೇರೆ ಉತ್ತರ: ಅಲ್ಲಿರುವುದು ನಗರಸಭೆ, 1964ರ ಕಾಯ್ದೆ, ಅಲ್ಲಿ ಮೇಯರ್ ಇಲ್ಲ, ಅಧ್ಯಕ್ಷರಿದ್ದಾರೆ, ಅವಧಿ 30 ತಿಂಗಳು. ನಗರಸಭೆಯಿಂದ ಪಾಲಿಕೆಗೆ ಏರುವಾಗ ಹೆಸರು ದೊಡ್ಡದಾಗಿ ಅವಧಿ ಚಿಕ್ಕದಾಗುವುದು ವಿಚಿತ್ರವೇ. ಒಂದು ವರ್ಷದಲ್ಲಿ ಮೂರು ತಿಂಗಳು ಹಾರ ತುರಾಯಿಗೆ, ಕೊನೆಯ ಮೂರು ತಿಂಗಳು ಮುಂದಿನ ಮೇಯರ್ ಯಾರು ಎಂಬ ಚರ್ಚೆಗೆ ಹೋಗುತ್ತದೆ. ನಡುವಿನ ಆರು ತಿಂಗಳಲ್ಲಿ ಒಂದು ಒಳಚರಂಡಿ ಟೆಂಡರ್ ಮುಗಿದರೆ ಪುಣ್ಯ. ಹಾಗಾಗಿ 'ಹಾಸನವನ್ನು ಸಿಂಗಪುರ ಮಾಡುತ್ತೇನೆ' ಎನ್ನುವ ಮಾತು ನನ್ನಿಂದ ಬರುವುದಿಲ್ಲ.

ಮೇಯರ್‌ಗೆ ನಿಜವಾಗಿ ಅಧಿಕಾರ ಇದೆಯೇ, ಬರೀ ಗೌನು ಸರವೇ?

ಆಡಳಿತ ನಡೆಸುವ ಅಧಿಕಾರ ಆಯುಕ್ತರದು. ನೌಕರರು ಕೇಳುವುದು ಅವರ ಮಾತನ್ನು, ಚೆಕ್ಕು ಹೊರಡುವುದು ಅವರ ಸಹಿಯಿಂದ. ಮೇಯರ್ ಸಭೆಯ ಅಧ್ಯಕ್ಷತೆ ವಹಿಸುತ್ತಾರೆ. ಇದನ್ನು ಕೇಳಿ 'ಅಷ್ಟೇನಾ' ಎಂದು ಮುಖ ತಿರುಗಿಸುವವರಿಗೆ ನನ್ನದೊಂದು ಮಾತು: ಸಭೆಯೇ ಪಾಲಿಕೆಯ ಜೀವ.

ಸಭೆ ಹೇಗೆ ನಡೆಯುತ್ತದೆ ಎಂದು ನೋಡಿ. ಕಾರ್ಯಸೂಚಿಯ ದಪ್ಪ ಕಟ್ಟು ಸದಸ್ಯರ ಕೈಗೆ ಬರುತ್ತದೆ. ವಿಷಯ ಸಂಖ್ಯೆ ಒಂದು, ಹಿಂದಿನ ಸಭೆಯ ನಡಾವಳಿ ದೃಢೀಕರಣ. ಅಲ್ಲಿಂದ ಮುಂದೆ ಕಾಮಗಾರಿ, ದರ, ಗುತ್ತಿಗೆ ವಿಸ್ತರಣೆ, ಜಾಗ ಮಂಜೂರು. ಮೊದಲ ಎರಡು ಗಂಟೆ ಯಾರೋ ಯಾರನ್ನೋ ಬೈಯುವುದರಲ್ಲಿ ಹೋಗುತ್ತದೆ. ಮಾರನೆಯ ದಿನ ಪತ್ರಿಕೆಯಲ್ಲಿ ಬರುವುದೂ ಅದೇ. ಊಟದ ಹೊತ್ತಿಗೆ ಹೊಟ್ಟೆ ಹಸಿದಾಗ ಉಳಿದ ಇಪ್ಪತ್ತು ಮೂವತ್ತು ವಿಷಯಗಳು 'ಅಂಗೀಕರಿಸಲಾಯಿತು', 'ಅಂಗೀಕರಿಸಲಾಯಿತು' ಎಂದು ಉಸಿರು ಬಿಡದೆ ದಾಟುತ್ತವೆ. ನಿಮ್ಮ ಬೀದಿಯ ಐದು ವರ್ಷದ ಹಣೆಬರಹ ಆ ಕೊನೆಯ ಹತ್ತು ನಿಮಿಷದಲ್ಲಿ ಇರುತ್ತದೆ. ಅಧ್ಯಕ್ಷತೆ ವಹಿಸಿದವರು ಕೈಯೆತ್ತಿ ನಿಲ್ಲಿಸಿ, 'ಹದಿನೇಳನೆಯ ವಿಷಯದ ಅಂದಾಜುಪಟ್ಟಿ ಓದಿ' ಎಂದರೆ ಸಾಕು, ಅಷ್ಟರಿಂದಲೇ ಎಷ್ಟೋ ಕೆಲಸ ನೇರವಾಗುತ್ತದೆ. ನನಗೆ ಬೇಕಿರುವುದು ಈ ಅಧಿಕಾರ.

ಸ್ಥಾಯಿ ಸಮಿತಿಗಳು ನಾಲ್ಕು: ತೆರಿಗೆ ಮತ್ತು ಹಣಕಾಸು, ಆರೋಗ್ಯ ಮತ್ತು ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ. ಬಜೆಟ್ ಮಂಡಿಸುವುದು ಹಣಕಾಸು ಸಮಿತಿಯ ಅಧ್ಯಕ್ಷರು. ಮೇಯರ್ ಆಗದಿದ್ದರೆ ಲೆಕ್ಕಪತ್ರ ಸಮಿತಿ ಸಿಕ್ಕರೂ ನನಗೆ ಹಬ್ಬವೇ. ಆ ಸಮಿತಿಗೆ ಯಾರೂ ಲಾಬಿ ಮಾಡುವುದಿಲ್ಲ ಎಂಬುದರಲ್ಲಿಯೇ ಅದರ ಮಹತ್ವ ತಿಳಿಯುತ್ತದೆ. ಉದಾಹರಣೆಗೆ, ಅನುದಾನದಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲಿಡಬೇಕು. ಮೀಸಲಿಟ್ಟದ್ದು ಪುಸ್ತಕದಲ್ಲಿ ಇರುತ್ತದೆ. ಖರ್ಚಾಯಿತೇ, ಯಾರ ಮನೆಗೆ ತಲುಪಿತು ಎಂದು ಕೇಳುವವರು ಬೇಕು.

ಹೇಮಾವತಿ ತುಂಬಿ ಹರಿದರೂ ನಮ್ಮ ನಲ್ಲಿಯಲ್ಲಿ ಯಾಕೆ ನೀರಿಲ್ಲ?

ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಗೊರೂರಿನ ಜಲಾಶಯದ ಸಾಮರ್ಥ್ಯ 37 ಟಿಎಂಸಿ ಅಡಿಗೂ ಸ್ವಲ್ಪ ಹೆಚ್ಚು, ಗರಿಷ್ಠ ಮಟ್ಟ 2,922 ಅಡಿ. ಕ್ರೆಸ್ಟ್ ಗೇಟ್ ತೆರೆದ ಫೋಟೊ ನೋಡಿದಾಗ ಕೊಡ ಹಿಡಿದು ನಿಂತವರಿಗೆ ಸಿಟ್ಟು ಬರುವುದು ಸಹಜ. ಆದರೆ ಅಣೆಕಟ್ಟೆಯ ನೀರಿಗೂ ನಿಮ್ಮ ನಲ್ಲಿಗೂ ನಡುವೆ ಪಂಪು, ಶುದ್ಧೀಕರಣ ಘಟಕ, ಏರು ಕೊಳವೆ, ಮೇಲ್ತೊಟ್ಟಿ, ವಿತರಣಾ ಕೊಳವೆ ಇಷ್ಟೂ ಇವೆ. ಇವುಗಳಲ್ಲಿ ಅತ್ಯಂತ ಸಣ್ಣದು ಎಷ್ಟು ನೀರು ದಾಟಿಸುತ್ತದೆಯೋ ಅಷ್ಟೇ ನಿಮಗೆ ಬರುವುದು. ವಿದ್ಯುತ್ ಒಂದು ಗಂಟೆ ಹೋದರೆ ಪಂಪು ನಿಂತು, ತೊಟ್ಟಿ ತುಂಬದೆ, ಮೂರನೆಯ ದಿನ ಸರದಿ ಇದ್ದ ಬಡಾವಣೆಗೆ ಪೆಟ್ಟು ಬೀಳುತ್ತದೆ.

ಕಡೆಯ ಕೊಂಡಿ ವಾಲ್ವ್‌ಮನ್. ರಸ್ತೆಯ ನಡುವೆ ಚಪ್ಪಡಿ ಸರಿಸಿ, ಉದ್ದನೆಯ ಕಬ್ಬಿಣದ ಕೀಲಿಯನ್ನು ಗುಂಡಿಗಿಳಿಸಿ, ಎಷ್ಟು ಸುತ್ತು ತಿರುಗಿಸಬೇಕು ಎಂದು ಅಂದಾಜಿನ ಮೇಲೆ ತಿರುಗಿಸುವ ಮನುಷ್ಯ. ಯಾವ ವಾಲ್ವ್ ಎಲ್ಲಿದೆ, ಯಾವುದು ಜಾಮ್ ಆಗಿದೆ, ಯಾವುದನ್ನು ಅರ್ಧ ತೆರೆದರೆ ಎತ್ತರದ ಮನೆಗೆ ನೀರು ಏರುತ್ತದೆ, ಎಲ್ಲವೂ ಆತನ ತಲೆಯಲ್ಲಿದೆ, ಕಾಗದದಲ್ಲಿ ಇಲ್ಲ. ಆತ ರಜೆ ಹಾಕಿದರೆ ಅಥವಾ ಗುತ್ತಿಗೆ ಬದಲಾಗಿ ಕೆಲಸ ಬಿಟ್ಟರೆ ಬಡಾವಣೆಯೇ ಕಂಗಾಲು. ನಾನು ಗೆದ್ದರೆ ಮೊದಲು ಕೇಳುವುದು ಹೊಸ ಯೋಜನೆಯನ್ನಲ್ಲ. ವಾರ್ಡಿನ ಕೊಳವೆ ಮತ್ತು ವಾಲ್ವ್‌ಗಳ ನಕ್ಷೆ, ನೀರು ಬಿಡುವ ವೇಳಾಪಟ್ಟಿ, ಅದು ಪ್ರತಿ ಬೀದಿಯ ಗೋಡೆಯ ಮೇಲೆ. ಇಪ್ಪತ್ತನಾಲ್ಕು ಗಂಟೆ ನೀರು ಕೊಡುತ್ತೇನೆ ಎನ್ನುವುದಿಲ್ಲ. ಯಾವ ದಿನ, ಯಾವ ಹೊತ್ತಿಗೆ ಬರುತ್ತದೆ ಎಂದು ಮೊದಲೇ ತಿಳಿದರೆ ಕೆಲಸಕ್ಕೆ ಹೋಗುವ ಹೆಂಗಸರ ಅರ್ಧ ಕಷ್ಟ ಕಳೆಯುತ್ತದೆ.

ನಮ್ಮದು ಹಳ್ಳಿ. ಈಗ ಪಾಲಿಕೆಗೆ ಸೇರಿದೆ ಎನ್ನುತ್ತಾರೆ. ನಮಗೇನು ಬಂತು?

ನೇರವಾಗಿ ಹೇಳಿದರೆ, ಮೊದಲು ಹೋಗುವುದು ಕಾಣಿಸುತ್ತದೆ, ಬರುವುದು ತಡವಾಗುತ್ತದೆ. ನಗರ ದೊಡ್ಡದಾಗಿ ಸುತ್ತಲಿನ ಗ್ರಾಮ ಪಂಚಾಯಿತಿಗಳ ಊರುಗಳು ಒಳಗೆ ಬಂದಾಗ ಆ ಪಂಚಾಯಿತಿ ಇಲ್ಲವಾಗುತ್ತದೆ. ಉದ್ಯೋಗ ಖಾತ್ರಿಯ ಕೆಲಸ ಗ್ರಾಮೀಣ ಪ್ರದೇಶಕ್ಕೆ ಮಾತ್ರ. ಜಾಬ್ ಕಾರ್ಡ್ ಕೆಲಸಕ್ಕೆ ಬಾರದ ಚೀಟಿಯಾಗುತ್ತದೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುತ್ತಿದ್ದ ಅಜ್ಜಿಗೆ ಈಗ ಪಾಲಿಕೆಯ ಕಚೇರಿಯ ಯಾವ ಕಿಟಕಿಗೆ ಹೋಗಬೇಕು ಎಂದು ತಿಳಿಯುವುದಿಲ್ಲ. ತೆರಿಗೆಯ ಲೆಕ್ಕ ಬದಲಾಗುತ್ತದೆ. ಮನೆ ಕಟ್ಟಲು ನಕ್ಷೆ, ಪರವಾನಗಿ ಬೇಕು. ದನದ ಕೊಟ್ಟಿಗೆ, ತಿಪ್ಪೆ ಇವೆಲ್ಲ ಇದ್ದಕ್ಕಿದ್ದಂತೆ 'ಸಮಸ್ಯೆ'ಗಳಾಗುತ್ತವೆ.

ಇದಕ್ಕೆ ಪ್ರತಿಯಾಗಿ ನಿಮಗೆ ಬರಬೇಕಾದದ್ದು ಒಳಚರಂಡಿ, ಬೀದಿದೀಪ, ಕಸದ ಗಾಡಿ, ನಗರದ ನೀರು. ತೆರಿಗೆಯ ರಸೀದಿ ಬರುವ ವೇಗದಲ್ಲಿ ಇವು ಬರುವುದಿಲ್ಲ. ಸೌಲಭ್ಯ ತಲುಪದ ಕಡೆ ತೆರಿಗೆಯನ್ನು ಹಂತಹಂತವಾಗಿ ಏರಿಸಬೇಕು ಎಂದು ಸಭೆಯಲ್ಲಿ ವಾದಿಸುತ್ತೇನೆ. ನಗರದ ಹಳೆಯ ವಾರ್ಡುಗಳಲ್ಲಿ ಈ ಮಾತಿಗೆ ನನಗೆ ಓಟು ಕಡಿಮೆಯಾಗುತ್ತದೆ ಎಂದು ಹಿತೈಷಿಗಳು ಎಚ್ಚರಿಸಿದ್ದಾರೆ. ಆಗಲಿ.

ನಮ್ಮ ಸೈಟಿಗೆ ಬಿ-ಖಾತೆ ಕೊಟ್ಟಿದ್ದಾರೆ. ನೀವು ಅದನ್ನು ಎ-ಖಾತೆ ಮಾಡಿಸಿಕೊಡುತ್ತೀರಾ?

ಇಲ್ಲ. ಮಾಡಿಸಿಕೊಡುತ್ತೇನೆ ಎನ್ನುವವರನ್ನು ನಂಬಬೇಡಿ. ಅನುಮೋದನೆ ಇಲ್ಲದ ಬಡಾವಣೆಗಳ ಸ್ವತ್ತುಗಳನ್ನು ತೆರಿಗೆ ವ್ಯಾಪ್ತಿಗೆ ತರಲು 2025ರ ಫೆಬ್ರುವರಿಯಲ್ಲಿ ರಾಜ್ಯದಾದ್ಯಂತ ಬಿ-ಖಾತೆ ಅಭಿಯಾನ ಆರಂಭವಾಯಿತು. ತೆರಿಗೆ ಕಟ್ಟಿದ ಮಾತ್ರಕ್ಕೆ ಬಡಾವಣೆ ಸಕ್ರಮವಾಗುವುದಿಲ್ಲ. ಆ ನಿಯಮ ಬದಲಿಸುವುದು ರಾಜ್ಯ ಸರ್ಕಾರದ ಕೈಯಲ್ಲಿದೆ, ವಾರ್ಡಿನ ಸದಸ್ಯೆಯ ಕೈಯಲ್ಲಿ ಇಲ್ಲ. ಇ-ಖಾತೆಗೆ ಅರ್ಜಿ ಹಾಕಲು ಬೇಕಾದ ಕಾಗದಪತ್ರ ಜೋಡಿಸಿಕೊಳ್ಳಲು ನೆರವಾಗುತ್ತೇನೆ, ದಲ್ಲಾಳಿ ಇಲ್ಲದೆ. ಇನ್ನೊಂದು: ಏಪ್ರಿಲ್ ತಿಂಗಳಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ಬಹಳ ಜನ ಅದನ್ನು ಸುಮ್ಮನೆ ಬಿಟ್ಟುಬಿಡುತ್ತಾರೆ.

ರಸ್ತೆ ಗುಂಡಿ?

ಮೊದಲು ರಸ್ತೆ ಯಾರದ್ದು ಎಂದು ತಿಳಿಯಬೇಕು. ಊರೊಳಗೆ ಪಾಲಿಕೆಯ ರಸ್ತೆ, ಲೋಕೋಪಯೋಗಿ ಇಲಾಖೆಯ ರಸ್ತೆ, ನಗರಾಭಿವೃದ್ಧಿ ಪ್ರಾಧಿಕಾರ ಇನ್ನೂ ಹಸ್ತಾಂತರಿಸದ ಬಡಾವಣೆಯ ರಸ್ತೆ, ಎಲ್ಲವೂ ಇವೆ. ಗುಂಡಿಗೆ ಬಿದ್ದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ, ದೂರು ಕೊಟ್ಟವರಿಗೆ ತಿಳಿಯುತ್ತದೆ. ಪ್ರತಿ ರಸ್ತೆಯ ತುದಿಯಲ್ಲಿ ಅದರ ಹೊಣೆ ಯಾರದು, ಕೊನೆಯ ಬಾರಿ ಡಾಂಬರು ಹಾಕಿದ್ದು ಯಾವಾಗ, ಗುತ್ತಿಗೆದಾರರ ನಿರ್ವಹಣಾ ಅವಧಿ ಎಲ್ಲಿಯವರೆಗೆ ಎಂದು ಫಲಕ ಹಾಕಿಸುವುದು ನನ್ನ ಪಟ್ಟಿಯಲ್ಲಿದೆ. ಫಲಕ ಅಗ್ಗದ ಕೆಲಸ, ಆದರೆ ಯಾರಿಗೂ ಇಷ್ಟವಾಗದ ಕೆಲಸ.

ಬೀದಿನಾಯಿಗಳನ್ನು ಹಿಡಿಸಿ ಊರಾಚೆ ಬಿಡಿಸುತ್ತೀರಾ?

ಕಾನೂನು ಬಿಡುವುದಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ, ರೇಬಿಸ್ ಲಸಿಕೆ ಮಾಡಿ ಹಿಡಿದ ಜಾಗದಲ್ಲಿಯೇ ಬಿಡಬೇಕು ಎಂಬುದು 2023ರ ನಿಯಮ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಕಡೆ ಹಿಡಿದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡದೆ ಆಶ್ರಯಧಾಮಕ್ಕೆ ಸಾಗಿಸಬೇಕೆಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಶ್ರಯಧಾಮಕ್ಕೆ ಜಾಗ ಎಲ್ಲಿ ಎಂದು ಕೇಳಿ. ಪ್ರತಿಯೊಬ್ಬರೂ ಪಕ್ಕದ ವಾರ್ಡ್ ತೋರಿಸುತ್ತಾರೆ. ಕೋಳಿ ಅಂಗಡಿಯ ತ್ಯಾಜ್ಯ ರಸ್ತೆ ಬದಿಗೆ ಬೀಳುವುದು ನಿಲ್ಲುವವರೆಗೆ ಯಾವ ಯೋಜನೆಯೂ ಪೂರ್ತಿ ಫಲ ಕೊಡುವುದಿಲ್ಲ.

ಹಾಸನಾಂಬೆ ದರ್ಶನಕ್ಕೆ ವಾರ್ಡಿನವರಿಗೆ ಪಾಸ್?

ಕೊಡಲು ನಾನು ಯಾರು? ದೇವಸ್ಥಾನ ಮುಜರಾಯಿಗೆ ಸೇರಿದ್ದು, ದರ್ಶನದ ವ್ಯವಸ್ಥೆ ಜಿಲ್ಲಾಡಳಿತದ್ದು. ವರ್ಷಕ್ಕೊಮ್ಮೆ ಬಾಗಿಲು ತೆರೆದಾಗ ಊರಿಗೆ ಬರುವ ಲಕ್ಷಾಂತರ ಜನರಿಗೆ ಶೌಚಾಲಯ, ಕುಡಿಯುವ ನೀರು, ಕಸ ಎತ್ತುವುದು ಪಾಲಿಕೆಯ ಕೆಲಸ. ಆ ದಿನಗಳಲ್ಲಿ ರಾತ್ರಿಯಿಡೀ ಗುಡಿಸುವ ಪೌರಕಾರ್ಮಿಕರಿಗೆ ಹೆಚ್ಚುವರಿ ಭತ್ಯೆ ಸಿಕ್ಕಿತೇ ಎಂದು ವಿಚಾರಿಸುವುದು ನನ್ನ ಕೆಲಸ. ಪಾಸ್ ಕೇಳಿದ ಯಾರೂ ಈ ಪ್ರಶ್ನೆ ಕೇಳಿಲ್ಲ.

ಯಾವ ಪಕ್ಷ? ಹಾಸನದಲ್ಲಿ ಪಕ್ಷವಿಲ್ಲದೆ ಗೆಲ್ಲಲು ಆಗುತ್ತದೆಯೇ?

ಪಕ್ಷೇತರ. ಕಷ್ಟ ಎಂದು ಗೊತ್ತಿದೆ. ರಾಜಕೀಯವನ್ನೇ ಉಂಡು ಮಲಗುವ ಜಿಲ್ಲೆ ನಮ್ಮದು. ದೇಶಕ್ಕೆ ಪ್ರಧಾನಿಯನ್ನು ಕೊಟ್ಟ ಜಿಲ್ಲೆ. ಪಕ್ಷದ ಚಿಹ್ನೆಯಲ್ಲಿ ಗೆದ್ದವರು ಮೇಯರ್ ಚುನಾವಣೆಯಲ್ಲಿ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ, ಉಲ್ಲಂಘಿಸಿದರೆ 1987ರ ಸ್ಥಳೀಯ ಪ್ರಾಧಿಕಾರಗಳ ಪಕ್ಷಾಂತರ ನಿಷೇಧ ಕಾಯ್ದೆಯಡಿ ಸದಸ್ಯತ್ವ ಕಳೆದುಕೊಳ್ಳಬಹುದು. ಅಂದರೆ ಎತ್ತುವ ಕೈ ಅವರದು, ತೀರ್ಮಾನ ಬೇರೆಲ್ಲೋ. ನನಗೆ ವಿಪ್ ಇಲ್ಲ. ಬೆಂಬಲ ಕೇಳಿ ಬಂದವರಿಗೆ ನನ್ನ ಷರತ್ತುಗಳನ್ನು ಬರೆದು ಕೊಡುತ್ತೇನೆ, ಅದೇ ಕಾಗದವನ್ನು ವಾರ್ಡಿನಲ್ಲೂ ಹಂಚುತ್ತೇನೆ. ರೆಸಾರ್ಟಿಗೆ ಹೋಗುವುದಿಲ್ಲ, ಸಕಲೇಶಪುರ, ಚಿಕ್ಕಮಗಳೂರು ಇಷ್ಟು ಹತ್ತಿರ ಇರುವಾಗ ಈ ಆಸೆ ಬಿಡುವುದು ಸಣ್ಣ ತ್ಯಾಗವೇನಲ್ಲ.

ನಿಮ್ಮ ಜನ ಯಾರು?

ಓಣಿಯ ಹೆಸರು ಕೇಳುವಂತೆ ಮೃದುವಾಗಿ ಕೇಳುತ್ತಾರೆ. ಉತ್ತರಿಸಿಲ್ಲ, ಉತ್ತರಿಸುವುದಿಲ್ಲ.

ಗೆದ್ದ ಮೇಲೆ ಕೆಲಸ ನೀವು ಮಾಡುತ್ತೀರಾ, ಯಜಮಾನರಾ?

ಈ ಪ್ರಶ್ನೆಯನ್ನು ನಗುತ್ತಾ ಕೇಳುವವರು ಹೆಚ್ಚಾಗಿ ಗಂಡಸರು. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ಆದರೂ ಫ್ಲೆಕ್ಸ್‌ನಲ್ಲಿ ಆಕೆಯ ಫೋಟೊ ಅಂಚೆಚೀಟಿಯಷ್ಟು, ಪತಿಯ ಫೋಟೊ ಬಾಗಿಲಿನಷ್ಟು. ನಮ್ಮ ಮನೆಯವರಿಗೆ ರಾಜಕೀಯ ಎಂದರೆ ಸಂಜೆಯ ಸುದ್ದಿ, ಅದೂ ಅಡಿಕೆ ಧಾರಣೆ ಹೇಳುವವರೆಗೆ. ಸಭೆಗೆ ನಾನೇ ಹೋಗುತ್ತೇನೆ, ಫೋನು ನಾನೇ ಎತ್ತುತ್ತೇನೆ. ನನ್ನ ಸಂಖ್ಯೆಗೆ ಕರೆ ಮಾಡಿ 'ಸಾರ್ ಇದ್ದಾರಾ' ಎಂದು ಕೇಳುವವರಿಗೆ ಇದ್ದಾರೆ ಎನ್ನುತ್ತೇನೆ. ನಿಜವಾಗಿಯೂ ಇರುತ್ತಾರೆ.

ಎಷ್ಟು ಕೊಡುತ್ತೀರಿ?

ಏನೂ ಇಲ್ಲ. ಓಟಿಗೆ ಹಣ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ಕುಕ್ಕರ್, ಸೀರೆ, ಧರ್ಮಸ್ಥಳದ ಬಸ್ಸು ಯಾವುದೂ ನನ್ನಿಂದ ಇಲ್ಲ. ಸರಳ ಲೆಕ್ಕ: ಓಟೊಂದಕ್ಕೆ ಸಾವಿರ ರೂಪಾಯಿಯಂತೆ ಎರಡು ಸಾವಿರ ಓಟಿಗೆ ಹಂಚಿದರೆ 20 ಲಕ್ಷ. ವಾರ್ಡ್ ಸದಸ್ಯರಿಗೆ ಸಿಗುವ ಗೌರವಧನದಲ್ಲಿ ಅದು ಐದು ವರ್ಷಕ್ಕೂ ಹುಟ್ಟುವುದಿಲ್ಲ. ಹಾಕಿದವರು ಎಲ್ಲಿಂದ ತೆಗೆಯುತ್ತಾರೆ? ಎಂಟನೆಯ ತರಗತಿಯವರು ಬಿಡಿಸುವ ಲೆಕ್ಕ ಇದು.

ಊರಿನಲ್ಲಿ ನಿಮ್ಮ ಒಂದು ಫ್ಲೆಕ್ಸ್ ಕೂಡ ಕಾಣಿಸುವುದಿಲ್ಲವಲ್ಲ?

ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ 2016ರಲ್ಲಿಯೇ ನಿಷೇಧವಾಗಿದೆ. ತೆರೆದ ಸ್ಥಳಗಳನ್ನು ವಿರೂಪಗೊಳಿಸುವುದನ್ನು ತಡೆಯುವ ಕಾಯ್ದೆ 1981ರಿಂದ ಇದೆ. ಪಾಲಿಕೆಯ ನಿಯಮ ಜಾರಿ ಮಾಡುತ್ತೇನೆ ಎಂದು ಹೊರಟವಳು ಎನ್.ಆರ್. ವೃತ್ತದಲ್ಲಿ ಸಿಗ್ನಲ್ ಮುಚ್ಚುವಂತೆ ನನ್ನದೇ ನಗುಮುಖ ಕಟ್ಟಿದರೆ ಹೇಗೆ? 'ಭಾವಿ ಮೇಯರ್' ಎಂದು ಹುಟ್ಟುಹಬ್ಬದ ಶುಭಾಶಯ ಕಟ್ಟಿಸಿಕೊಂಡವರ ಪಟ್ಟಿ ಮಾಡಿದರೆ ಪಾಲಿಕೆಯ ಸಭಾಂಗಣದಲ್ಲಿ ಕುರ್ಚಿ ಸಾಲುವುದಿಲ್ಲ.

ನಿಮ್ಮ ಆಸ್ತಿ, ಮೊಕದ್ದಮೆಗಳ ವಿವರ ಎಲ್ಲಿ ಸಿಗುತ್ತದೆ?

ನಾಮಪತ್ರದ ಜೊತೆ ಸಲ್ಲಿಸುವ ಪ್ರಮಾಣಪತ್ರದಲ್ಲಿ. ಪ್ರತಿ ಅಭ್ಯರ್ಥಿಯೂ ಸಲ್ಲಿಸಲೇಬೇಕು. ಚುನಾವಣಾಧಿಕಾರಿಯ ಕಚೇರಿಯಲ್ಲಿ ನನ್ನದನ್ನು ಮಾತ್ರವಲ್ಲ, ಎದುರಾಳಿಗಳದ್ದನ್ನೂ ಓದಿ.

ನೀವು ಸೋತರೆ ಇದೆಲ್ಲ ಏನಾಗುತ್ತದೆ?

ಸಭೆಯ ನಡಾವಳಿ ಕೇಳಲು ಸದಸ್ಯೆಯಾಗಬೇಕಿಲ್ಲ, 2005ರ ಮಾಹಿತಿ ಹಕ್ಕು ಕಾಯ್ದೆ ಸಾಕು. ವಾರ್ಡ್ ಸಮಿತಿ ರಚಿಸಲು ಕಾನೂನಿನಲ್ಲಿ ಅವಕಾಶವಿದೆ. ಅದರ ಅಧ್ಯಕ್ಷರು ವಾರ್ಡಿನ ಸದಸ್ಯರೇ. ಗೆದ್ದವರು ಯಾರೇ ಆಗಿರಲಿ, ಸಮಿತಿ ಮಾಡಿ ಎಂದು ಮೊದಲ ಅರ್ಜಿ ನನ್ನದು. ಗೆದ್ದರೆ ಆ ಅರ್ಜಿಯನ್ನು ನೀವು ನನಗೆ ಕೊಡಿ.

ಓಟರ್ ಪಟ್ಟಿಯಲ್ಲಿ ಹೆಸರು ಇದೆಯೇ ಎಂದು ಎಲ್ಲಿ ನೋಡಬೇಕು?

ವಿಧಾನಸಭೆ ಚುನಾವಣೆಯಲ್ಲಿ ಓಟು ಹಾಕಿದ್ದೇವೆ, ಇದ್ದೇ ಇರುತ್ತದೆ ಎಂದು ಸುಮ್ಮನಿರಬೇಡಿ. ವಾರ್ಡಿನ ಪಟ್ಟಿಯನ್ನು ಪ್ರತ್ಯೇಕವಾಗಿ ತಯಾರಿಸುತ್ತಾರೆ. ವಾರ್ಡಿನ ಗಡಿ ಬೀದಿಯ ನಡುವೆ ಹಾದುಹೋಗುವ ಕಡೆ ಎದುರುಬದುರು ಮನೆಗಳು ಬೇರೆ ಬೇರೆ ವಾರ್ಡಿಗೆ ಬೀಳುತ್ತವೆ, ಒಂದೇ ಮನೆಯ ಅತ್ತೆ ಸೊಸೆ ಬೇರೆ ಬೇರೆ ಮತಗಟ್ಟೆಗೆ ಬೀಳುವುದೂ ಉಂಟು. ಕರಡು ಪಟ್ಟಿ ಪ್ರಕಟವಾದಾಗ ಪಾಲಿಕೆ ಕಚೇರಿಯಲ್ಲಿ ಅಥವಾ ತಾಲ್ಲೂಕು ಕಚೇರಿಯಲ್ಲಿ ನೋಡಿ. ಹೆಸರು ಬಿಟ್ಟಿದ್ದರೆ, ತಪ್ಪು ವಾರ್ಡಿಗೆ ಹೋಗಿದ್ದರೆ ಆಕ್ಷೇಪಣೆಗೆ ಕೊಟ್ಟ ಗಡುವಿನೊಳಗೆ ಅರ್ಜಿ ಕೊಡಿ. ಮತದಾನದ ದಿನ ಬೆಳಗ್ಗೆ ಮತಗಟ್ಟೆಯಲ್ಲಿ ಜಗಳವಾಡಿದರೆ ಹೆಸರು ಸೇರುವುದಿಲ್ಲ. ಹೊಸದಾಗಿ ಸೇರಿದ ಹಳ್ಳಿಗಳವರು ಈ ಕೆಲಸವನ್ನು ಎಲ್ಲರಿಗಿಂತ ಮೊದಲು ಮಾಡಿಕೊಳ್ಳಿ.